ಪಾಷಾಣದ ಹಸುರು ಬಣ್ಣವೂ ಹತ್ತೊಂಬತ್ತನೆಯ ಶತಮಾನದ ಗೃಹಾಲಂಕಾರವೂ

ಗೃಹೋಪಕರಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಆಕಾರ, ಅಲಂಕಾರ, ಕರ್ತೃ, ಕಾಲ ಇವುಗಳನ್ನು ವಿಚಾರಿಸುವರು. ಆ ವಸ್ತುಗಳು ಯಾವ ದ್ರವ್ಯದಿಂದ ಆದುವು, ಆ ದ್ರವ್ಯವು ಅವನ್ನು ಮಾಡಿದವರ ಮೇಲೆಯೂ ಬಳಸಿದವರ ಮೇಲೆಯೂ ಯಾವ ಪರಿಣಾಮವನ್ನುಂಟುಮಾಡಿತು ಎಂಬ ವಿಚಾರಕ್ಕೆ ಅಂಥ ಗ್ರಂಥಗಳಲ್ಲಿ ದೊರೆಯುವ ಸ್ಥಳವು ಅಲ್ಪ. ಆದರೆ ಹಳೆಯ ವಸ್ತುಗಳನ್ನು ಕಾಪಾಡಬೇಕೆಂಬ ಆಸೆಯುಳ್ಳವರಿಗೆ ಈ ಎರಡನೆಯ ವಿಚಾರವು ಮೊದಲನೆಯದಕ್ಕಿಂತ ಕಡಮೆ ಮುಖ್ಯವಾದುದಲ್ಲ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಮನೆಮನೆಯ ಗೋಡೆಗಳನ್ನೂ ಆವರಿಸಿದ್ದ ಪಾಷಾಣದ ಹಸುರು ಬಣ್ಣದ ಚರಿತ್ರೆ. ಅದನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ನಮ್ಮ ಪುಸ್ತಕ ಭಂಡಾರಗಳಿಗೂ ಹಸ್ತಪ್ರತಿ ಸಂಗ್ರಹಗಳಿಗೂ ದೊರೆಯುವ ಎಚ್ಚರಿಕೆಯನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ಪಾಷಾಣವೆಂದರೆ ಕಲ್ಲು; ಕನ್ನಡದಲ್ಲಿ ಅದು ಕಲ್ಲೆಂಬ ಅರ್ಥದೊಡನೆ ವಿಷವೆಂಬ ಅರ್ಥವನ್ನೂ ಪಡೆದಿರುವುದು. ರಸಶಾಸ್ತ್ರಗ್ರಂಥಗಳ ಗೌರೀಪಾಷಾಣವೂ ನಮ್ಮ ಊರುಗಳಲ್ಲಿ ಇಲಿಗಳನ್ನು ಕೊಲ್ಲಲು ಇಡುತ್ತಿದ್ದ ಇಲಿಪಾಷಾಣವೂ ಈ ಅರ್ಥವ್ಯಾಪ್ತಿಯನ್ನು ತೋರಿಸುವುವು. ಇದೇ ಧಾತುವು ಗಂಧಕದೊಡನೆ ಕೂಡಿ ಹಳದಿಯಾದಾಗ ಹರಿತಾಳ, ಅಂದರೆ ನಮ್ಮ ಅರಿದಾಳ, ಕೆಂಪಾದಾಗ ಮನಶ್ಶಿಲೆ. ಇಂಗ್ಲಿಷಿನ ಆರ್ಸೆನಿಕ್ ಎಂಬ ಮಾತು ಗ್ರೀಕಿನ ಮೂಲಕ ಬಂದುದು. ಅದರ ಮೂಲವು ಪಾರಸಿಕ ಭಾಷೆಯ ಜರ್ನಿಖ್ ಎಂಬ, ಹೊನ್ನಿನ ಬಣ್ಣದ್ದೆಂಬ ಅರ್ಥದ ಶಬ್ದ. ಲ್ಯಾಟಿನ್ ಭಾಷೆಯಲ್ಲಿಯೂ ಹರಿತಾಳಕ್ಕೆ ಹೊನ್ನಿನ ವರ್ಣದ್ರವ್ಯವೆಂದೇ ಹೆಸರು. ಹೀಗೆ ಈ ವಿಷವು ಮನುಷ್ಯನಿಗೆ ಮೊದಲು ಪರಿಚಿತವಾದುದು ಬಣ್ಣದ ರೂಪದಿಂದ ಎಂಬುದನ್ನು ಶಬ್ದಗಳೇ ಸಾರುತ್ತಿರುವುವು.

ಹಳದಿಯು ಪುರಾತನವಾದರೂ ಹಸುರು ಆಧುನಿಕವಾದುದು. ಹದಿನೆಂಟನೆಯ ಶತಮಾನದವರೆಗೆ ಯೂರೋಪಿನ ಚಿತ್ರಕಾರರಿಗೂ ಬಣ್ಣಗಾರರಿಗೂ ಸ್ಥಿರವಾದ, ಉಜ್ಜ್ವಲವಾದ ಹಸುರು ಸುಲಭವಾಗಿ ದೊರೆಯುತ್ತಿರಲಿಲ್ಲ. ತಾಮ್ರದ ಕಿಲುಬಿನಿಂದ ಮಾಡಿದುದು ಕಾಲಕ್ರಮದಲ್ಲಿ ಕಪ್ಪಾಗುವುದು. ನೀಲಿ ಹಳದಿಗಳನ್ನು ಬೆರಸಿ ಮಾಡಿದುದರಲ್ಲಿ ಹಳದಿಯು ಮಾಸಿ ನೀಲಿಯೊಂದೇ ಉಳಿಯುವುದು. ೧೭೭೫ ರಲ್ಲಿ ಸ್ವೀಡನ್ ದೇಶದ ಕಾರ್ಲ್ ವಿಲ್ಹೆಲ್ಮ್ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ತಾಮ್ರವನ್ನೂ ಬಿಳಿಯ ಪಾಷಾಣವನ್ನೂ ಕೂಡಿಸಿ ಒಂದು ಹೊಸ ಹಸುರನ್ನು ಕಂಡುಹಿಡಿದನು. ಔಷಧದ ಅಂಗಡಿಯಲ್ಲಿ ಕೆಲಸಮಾಡುತ್ತಲೇ ಕ್ಲೋರೀನನ್ನೂ ಆಮ್ಲಜನಕವನ್ನೂ ಪ್ರತ್ಯೇಕಿಸಿದ ಮಹಾಪಂಡಿತನೀತನು. ೧೮೧೪ ರಲ್ಲಿ ಜರ್ಮನಿಯ ಷ್ವೈನ್‌ಫುರ್ಟ್ ಎಂಬ ಊರಿನಲ್ಲಿ ವಿಲ್ಹೆಲ್ಮ್ ಸಾಟ್ಲರನು ಇದಕ್ಕಿಂತಲೂ ಕಾಂತಿಯುಕ್ತವಾದ ಮತ್ತೊಂದು ಹಸುರನ್ನು ತಯಾರಿಸತೊಡಗಿದನು. ಇದರಲ್ಲಿ ತಾಮ್ರ ಪಾಷಾಣಗಳೊಡನೆ ಹುಳಿಕಾಡಿಯ ಆಮ್ಲವೂ ಸೇರಿದ್ದಿತು. ಇದರ ರಚನೆಯು ೧೮೨೨ ರಲ್ಲಿ ಪ್ರಕಟವಾದ ಮೇಲೆ ಅನೇಕ ಕಾರ್ಖಾನೆಗಳವರು ಇದನ್ನು ಮಾಡತೊಡಗಿದರು. ಪಚ್ಚೆಯ ಹಸುರು, ಷ್ವೈನ್‌ಫುರ್ಟ್ ಹಸುರು, ಪ್ಯಾರಿಸ್ ಹಸುರು ಎಂದು ನಾನಾ ನಾಮಗಳಿಂದ ಇದು ಮಾರಾಟವಾಯಿತು. ಕೊಳ್ಳುವವನಿಗೆ ಈ ಹೆಸರುಗಳೊಂದರಿಂದಲೂ ಒಳಗಿನ ವಿಷದ ಸೂಚನೆ ದೊರೆಯುತ್ತಿರಲಿಲ್ಲ.

ಇದು ಮನೆಗಳೊಳಕ್ಕೆ ಹೊಕ್ಕ ಬಗೆಯನ್ನು ತಿಳಿಯಬೇಕಾದರೆ ಗೋಡೆಗೆ ಅಂಟಿಸುವ ಚಿತ್ರಕಾಗದದ ವೃತ್ತಾಂತವನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಇಂಥ ಕಾಗದದ ಮೇಲೆ ೧೭೧೨ ರಿಂದಲೂ ಸುಂಕವಿದ್ದಿತು. ಅದು ಶ್ರೀಮಂತರ ವಸ್ತುವಾಗಿತ್ತು. ೧೮೩೬ ರಲ್ಲಿ ಆ ಸುಂಕವನ್ನು ತೆಗೆದುಹಾಕಿದರು. ಸುಮಾರು ೧೮೪೦ ರ ಹೊತ್ತಿಗೆ ಲ್ಯಾಂಕಷೈರಿನ ಡಾರ್ವೆನ್ ಎಂಬಲ್ಲಿ ಉರುಳೆಯ ಯಂತ್ರದಿಂದ ಅಚ್ಚುಹಾಕುವ ಪದ್ಧತಿಯೂ ಸಿದ್ಧಿಸಿತು. ಕರಭಾರವೂ ಕೈಕೆಲಸದ ವೆಚ್ಚವೂ ಕಡಮೆಯಾದೊಡನೆ ಗುಮಾಸ್ತನ ಮನೆಗೂ ಕೂಲಿಕಾರನ ಕೋಣೆಗೂ ಬಣ್ಣದ ಕಾಗದವು ಬಂದಿತು. ಹೊಗೆ ಮುಸುಕಿದ ಪಟ್ಟಣಗಳಲ್ಲಿ ಬಾಳುವವರಿಗೆ ಎಲೆಬಳ್ಳಿಗಳ ಹಸುರು ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಗೋಡೆಯ ಕಾಗದದಲ್ಲಿ ಮಾತ್ರವಲ್ಲದೆ ತೆರೆಗಳಲ್ಲಿ, ಉಡುಪುಗಳಲ್ಲಿ, ಕೃತ್ರಿಮಪುಷ್ಪಗಳಲ್ಲಿ, ಮಕ್ಕಳ ಆಟದ ಸಾಮಾನುಗಳಲ್ಲಿ, ಪುಸ್ತಕಗಳ ರಟ್ಟಿನ ಮೇಲಣ ಬಟ್ಟೆಯಲ್ಲಿಯೂ ಇದೇ ಬಣ್ಣವು ಸೇರಿಕೊಂಡಿತು. ಕಾಗದಕ್ಕೆ ಈ ಬಣ್ಣವನ್ನು ಹಿಡಿಸುತ್ತಿದ್ದುದು ಸಾಮಾನ್ಯವಾಗಿ ತೆಳುವಾದ ಅಂಟಿನಿಂದ. ಅಂಟು ಒಣಗಿ ಸಡಿಲವಾದೊಡನೆ ಬಣ್ಣವು ಧೂಳಾಗಿ ಉದುರುವುದು.

ಎಚ್ಚರಿಕೆಯು ತಡವಾಗಿ ಬಂದಿತೆಂದು ಹೇಳುವಂತಿಲ್ಲ. ೧೮೩೯ ರಲ್ಲಿಯೇ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಲಿಯೋಪೋಲ್ಡ್ ಗ್ಮೆಲಿನ್ ಎಂಬ ರಸಾಯನಶಾಸ್ತ್ರದ ಆಚಾರ್ಯನು ವೃತ್ತಪತ್ರಿಕೆಯೊಂದರಲ್ಲಿ ಈ ವಿಷಯವಾಗಿ ಬರೆದನು. ಹಸುರು ಕಾಗದವನ್ನು ಅಂಟಿಸಿದ ಕೋಣೆಗಳು ತೇವಗೊಂಡಾಗ ಇಲಿಯ ನಾತದಂತಹ ಒಂದು ವಾಸನೆ ಹುಟ್ಟುವುದೆಂದೂ, ಪಾಷಾಣವು ಯಾವುದೋ ವಾಯುರೂಪದಿಂದ ಹೊರಬೀಳುತ್ತಿರಬಹುದೆಂದೂ, ಅಂಥ ಕಾಗದವನ್ನು ಕಿತ್ತುಹಾಕುವುದು ಲೇಸೆಂದೂ ಅವನು ಸೂಚಿಸಿದನು. ಇದಕ್ಕೆ ಮೂರು ವರ್ಷ ಮುಂಚೆ, ೧೮೩೬ ರಲ್ಲಿ, ಜೇಮ್ಸ್ ಮಾರ್ಷ್ ಎಂಬ ಇಂಗ್ಲಿಷನು ಅತ್ಯಲ್ಪ ಪ್ರಮಾಣದ ಪಾಷಾಣವನ್ನೂ ಗುರುತಿಸಬಲ್ಲ ಪರೀಕ್ಷೆಯನ್ನು ಪ್ರಕಟಿಸಿದ್ದನು. ಆದುದರಿಂದ ಗೋಡೆಯಲ್ಲಿ ವಿಷವುಂಟೇ ಎಂಬುದನ್ನು ನಿರ್ಣಯಿಸುವ ಸಾಧನವು ವಿದ್ವಾಂಸರಲ್ಲಿ ಆಗಲೇ ಇದ್ದಿತು.

ಆ ಕಾಲದ ಇಂಗ್ಲೆಂಡಿನ ಶಾಸನವನ್ನು ಇಲ್ಲಿ ಗಮನಿಸಬೇಕು. ಪಾಷಾಣವಿಕ್ಕಿ ಕೊಲೆಮಾಡಿದ ಮೊಕದ್ದಮೆಗಳು ಹೆಚ್ಚಿ ಜನರು ಭಯಗೊಂಡುದರಿಂದ ೧೮೫೧ ರಲ್ಲಿ ಪಾರ್ಲಿಮೆಂಟು ಪಾಷಾಣದ ಮಾರಾಟವನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. ಕೊಳ್ಳುವವನ ಹೆಸರನ್ನು ಲೆಕ್ಕದಲ್ಲಿ ಬರೆದಿಡಬೇಕು. ಚಿಲ್ಲರೆಯಾಗಿ ಮಾರುವುದನ್ನು ಸಕ್ಕರೆಯೆಂದೋ ಹಿಟ್ಟೆಂದೋ ಭ್ರಮಿಸದಂತೆ ಕಾಡಿಗೆಯನ್ನೋ ನೀಲಿಯನ್ನೋ ಬೆರಸಿ ಕೊಡಬೇಕು. ಆದರೆ ಕೈಗಾರಿಕೆಯಲ್ಲಿ ಅದನ್ನು ಉಪಯೋಗಿಸುವುದಕ್ಕೆ ಆ ಕಾಯಿದೆಯಲ್ಲಿ ತಡೆಯಿರಲಿಲ್ಲ. ಇಲಿಗಾಗಿ ಒಂದು ತೊಲ ಪಾಷಾಣವನ್ನು ಕೊಳ್ಳುವವನು ರುಜು ಹಾಕಬೇಕಾಗಿದ್ದಿತು. ಅದಕ್ಕಿಂತ ಹೆಚ್ಚಿನದನ್ನು ಕೂಸಿನ ತೊಟ್ಟಿಲ ಪಕ್ಕದ ಗೋಡೆಗೆ ಅಂಟಿಸುವವನನ್ನು ಕೇಳುವವರಿರಲಿಲ್ಲ. ದುರುದ್ದೇಶದಿಂದ ಒಬ್ಬನು ಮತ್ತೊಬ್ಬನಿಗೆ ಇಕ್ಕುವ ವಿಷವನ್ನು ಶಾಸನವು ಕಂಡಿತೇ ಹೊರತು, ದುರುದ್ದೇಶವಿಲ್ಲದೆ ವ್ಯಾಪಾರದ ಮೂಲಕ ಹರಡುವ ವಿಷವನ್ನು ಕಾಣಲಿಲ್ಲ.

೧೮೬೧ ನೆಯ ನವೆಂಬರಿನಲ್ಲಿ ಲಂಡನ್ನಿನ ಕೃತ್ರಿಮಪುಷ್ಪಗಳ ಕಾರ್ಯಾಗಾರವೊಂದರಲ್ಲಿ ಕೆಲಸಮಾಡುತ್ತಿದ್ದ ೧೯ ವರ್ಷದ ಯುವತಿಯೊಬ್ಬಳು ಮೃತಳಾದಳು. ಮೇಣದ ಎಲೆಗಳ ಮೇಲೆ ಹಸುರು ಪುಡಿಯನ್ನು ಉದುರಿಸುವುದು ಅವಳ ಕಸಬು. ಆ ಧೂಳು ಉಸಿರಿನಿಂದಲೂ ಕೈಬೆರಳುಗಳ ಮೂಲಕ ಆಹಾರದೊಡನೆಯೂ ದೇಹವನ್ನು ಸೇರುತ್ತಿದ್ದಿತು. ಈ ಮರಣದ ಸಮಾಚಾರವು ಪತ್ರಿಕೆಗಳಲ್ಲಿ ಹರಡಿದಾಗ, ಸ್ತ್ರೀಯರ ಆರೋಗ್ಯಸಂಘವೊಂದರ ಕೋರಿಕೆಯ ಮೇಲೆ ಲಂಡನ್ನಿನ ರಸಾಯನಶಾಸ್ತ್ರ ವಿದ್ಯಾಲಯದ ಆಚಾರ್ಯ ಹಾಫ್‌ಮನ್ ಎಂಬುವನು ಅಂಥ ಎಲೆಗಳನ್ನು ಪರೀಕ್ಷಿಸಿ, ೧೮೬೨ ನೆಯ ಫೆಬ್ರವರಿಯಲ್ಲಿ ಟೈಮ್ಸ್ ಪತ್ರಿಕೆಗೆ ಒಂದು ಲೇಖನವನ್ನು ಬರೆದನು. ಅದರ ಶೀರ್ಷಿಕೆ ‘ಮೃತ್ಯುನರ್ತನ’ವೆಂಬ ಅರ್ಥದ್ದು. ಹೆಂಗಸೊಬ್ಬಳು ನರ್ತನಕೂಟಕ್ಕೆ ಮುಡಿದುಕೊಂಡು ಹೋಗುವ ಒಂದು ಶಿರೋಭೂಷಣದಲ್ಲಿ ೨೦ ಜನರನ್ನು ಕೊಲ್ಲಲು ಸಾಕಾಗುವಷ್ಟು ಪಾಷಾಣವಿರುವುದೆಂದು ಅವನು ಲೆಕ್ಕಹಾಕಿ ತೋರಿಸಿದನು.

ಅದೇ ವರ್ಷ ಲಂಡನ್ನಿನ ಲೈಮ್‌ಹೌಸ್ ಎಂಬ ಬಡವರ ಕೇರಿಯಲ್ಲಿ ಒಂದೇ ಮನೆಯ ನಾಲ್ವರು ಮಕ್ಕಳು ಸ್ವಲ್ಪ ಕಾಲದ ಅಂತರದಲ್ಲಿ ಒಬ್ಬರಾದಮೇಲೊಬ್ಬರು ಸತ್ತರು. ಮೊದಲು ಇದನ್ನು ಗಂಟಲಮಾರಿಯೆಂದು ಭಾವಿಸಿದ್ದರು. ಆದರೆ ನೆರೆಹೊರೆಯವರಿಗೆ ರೋಗವು ಅಂಟಲಿಲ್ಲ. ವೈದ್ಯನಾದ ಥಾಮಸ್ ಆರ್ಟನನು ಸಂಶಯಪಟ್ಟು ಕೋಣೆಯ ಹಸುರು ಕಾಗದವನ್ನು ಪರೀಕ್ಷಿಸಲಾಗಿ ಅದರಲ್ಲಿ ವಿಶೇಷವಾಗಿ ಪಾಷಾಣವು ಕಂಡುಬಂದಿತು. ಲಂಡನ್ ನಗರದ ಆರೋಗ್ಯಾಧಿಕಾರಿ ಲೆಥೆಬಿಯೂ ಪಾಷಾಣವೇ ಕಾರಣವೆಂದು ಅಭಿಪ್ರಾಯಪಟ್ಟನು. ಆದರೂ ಮರಣವಿಚಾರಣೆಯ ಪಂಚರು ಇದು ಸ್ವಾಭಾವಿಕ ಮರಣವೆಂದೇ ತೀರ್ಪಿತ್ತರು.

ಈ ತೀರ್ಪನ್ನು ಮೌಢ್ಯವೆಂದು ಹಳಿದುಬಿಡುವುದು ಸುಲಭ. ಚರಿತ್ರಕಾರನಿಗೆ ಅದು ಸಲ್ಲದು. ಸಂಶಯಕ್ಕೆ ಅಂದು ಮೂರು ಕಾರಣಗಳಿದ್ದುವು. ಒಂದನೆಯದಾಗಿ, ಅಲ್ಪಪ್ರಮಾಣದ ಪಾಷಾಣವು ಬಹುಕಾಲ ದೇಹವನ್ನು ಸೇರಿದಾಗ ಉಂಟಾಗುವ ಕಣ್ಣುರಿ, ಗಂಟಲುನೋವು, ಹೊಟ್ಟೆಯ ತೊಡಕು, ಚರ್ಮದ ಹುಣ್ಣು, ನಿಶ್ಶಕ್ತಿ ಇವೆಲ್ಲವೂ ಬೇರೆ ಸಾಮಾನ್ಯ ರೋಗಗಳ ಲಕ್ಷಣಗಳೂ ಅಹುದು. ಎರಡನೆಯದಾಗಿ, ಅದೇ ಕಾಗದದ ನಡುವೆ ವರ್ಷಗಟ್ಟಲೆ ಬಾಳಿ ಆರೋಗ್ಯದಿಂದಿದ್ದವರೂ ಅನೇಕರಿದ್ದರು. ಮೂರನೆಯದಾಗಿ, ಗೋಡೆಯಲ್ಲಿರುವ ವಿಷವು ಮನುಷ್ಯನ ಮೈಯನ್ನು ಹೇಗೆ ಸೇರುವುದೆಂಬುದನ್ನು ಯಾರೂ ನಿಸ್ಸಂದೇಹವಾಗಿ ತೋರಿಸಿರಲಿಲ್ಲ. ಮಾರ್ಷನ ಪರೀಕ್ಷೆಯು ವಿಷದ ಅಸ್ತಿತ್ವವನ್ನು ಸಿದ್ಧಪಡಿಸುತ್ತಿದ್ದಿತು, ಕಾರ್ಯಕಾರಣಸಂಬಂಧವನ್ನಲ್ಲ. ಈ ಅಂತರದಲ್ಲಿ ವ್ಯಾಪಾರಸ್ಥರ ವಾದಕ್ಕೆ ನೆಲೆ ದೊರೆಯಿತು.

ಈ ವಾದದ ಪ್ರಸಿದ್ಧ ಪ್ರತಿನಿಧಿಯು ಕವಿಯೂ ಕಲಾವಿದನೂ ಸಮಾಜವಾದಿಯೂ ಆದ ವಿಲಿಯಂ ಮಾರಿಸ್ ಎಂಬುದು ಖೇದಕರವಾದ ಸಂಗತಿ. ಯಂತ್ರಯುಗದ ಕುರೂಪವನ್ನು ಖಂಡಿಸಿ, ಕುಶಲಕರ್ಮಿಯ ಕೈಕೆಲಸದ ಗೌರವವನ್ನು ಸಾರಿದ ಈ ಮಹನೀಯನ ಪಿತ್ರಾರ್ಜಿತವು ಡೆವನ್ ಪ್ರಾಂತದ ಡೆವನ್ ಗ್ರೇಟ್ ಕನ್ಸೋಲ್ಸ್ ಎಂಬ ತಾಮ್ರದ ಗಣಿಯ ಷೇರುಗಳಿಂದ ಬಂದುದು. ತಾಮ್ರವು ಕ್ಷೀಣಿಸುತ್ತ ಬಂದಂತೆ ಆ ಗಣಿಯವರು ಅದುವರೆಗೆ ಎಸೆಯುತ್ತಿದ್ದ ಪಾಷಾಣದ ಅದಿರನ್ನು ಸುಟ್ಟು ಶುದ್ಧಮಾಡಿ ಮಾರತೊಡಗಿದರು. ೧೮೭೦ ರ ದಶಕದಲ್ಲಿ ಅದು ಪ್ರಪಂಚದ ಅತಿದೊಡ್ಡ ಪಾಷಾಣದ ಉತ್ಪತ್ತಿಸ್ಥಾನಗಳಲ್ಲೊಂದಾಗಿದ್ದಿತು. ಹೊಗೆಗಂಡಿಗಳ ಗೋಡೆಯಿಂದ ಬಿಳಿಯ ಹುಡಿಯನ್ನು ಕೆರೆದು ತೆಗೆಯುವ ಕೆಲಸಗಾರರು ಮೂಗಿಗೆ ಹತ್ತಿಯನ್ನು ತುರುಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೈಗೆ ಜೇಡಿಮಣ್ಣನ್ನು ಬಳಿದುಕೊಂಡು ಒಳಹೊಗುತ್ತಿದ್ದರು. ಮಾರಿಸನು ೧೮೭೧ ರಿಂದ ೧೮೭೫ ರ ವರೆಗೆ ಈ ಗಣಿಯ ನಿರ್ದೇಶಕರಲ್ಲೊಬ್ಬನಾಗಿದ್ದನು. ಅವನ ‘ಟ್ರೆಲಿಸ್’ ಎಂಬ, ೧೮೬೪ ರಲ್ಲಿ ಹೊರಬಂದ ಗೋಡೆಕಾಗದದ ಹಳೆಯ ತುಂಡೊಂದನ್ನು ಆಂಡ್ರೂ ಮೆಹರ್ಗ್ ಎಂಬ ವಿಜ್ಞಾನಿಯು ಪರೀಕ್ಷಿಸಿ, ಅದರ ಹಸುರಿನಲ್ಲಿ ಪಾಷಾಣವಿರುವುದನ್ನು ೨೦೦೩ ರಲ್ಲಿ ಪ್ರಕಟಿಸಿದನು. ಮಾರಿಸನಾದರೋ ೧೮೮೫ ರಲ್ಲಿ ಥಾಮಸ್ ವಾರ್ಡಲನಿಗೆ ಬರೆದ ಕಾಗದದಲ್ಲಿ, ಹಿಂದಣವರಿಗೆ ಮಾಟಗಾತಿಯರ ಭ್ರಾಂತಿ ಹಿಡಿದಂತೆ ಈಗಣ ವೈದ್ಯರಿಗೆ ಪಾಷಾಣದ ಭ್ರಾಂತಿ ಹಿಡಿದಿರುವುದೆಂದು ಹಾಸ್ಯಮಾಡಿದನು. ಆ ವಾರ್ಡಲನು ನಮ್ಮ ದೇಶದ ಟಸರ್ ರೇಷ್ಮೆಗೆ ಬಣ್ಣಹಾಕುವ ವಿಧಾನಗಳನ್ನು ಶೋಧಿಸಿ ಹೆಸರು ಪಡೆದವನು. ಮಾರಿಸನ ಮಾತಿನಲ್ಲಿ ವಂಚನೆಯಿದ್ದಿತೆನ್ನಲು ಆಧಾರವಿಲ್ಲ. ತನ್ನ ಜೀವನಕ್ಕೆ ಆಧಾರವಾದ ವಸ್ತುವಿನ ವಿಷಯದಲ್ಲಿ ಸೂಕ್ಷ್ಮಮತಿಯೂ ಎಷ್ಟು ಸುಲಭವಾಗಿ ಮಂದವಾಗುವುದೆಂಬುದಕ್ಕೆ ಅದು ನಿದರ್ಶನ.

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ರಾಬರ್ಟ್ ಕೆಡ್ಜಿ ಎಂಬ ರಸಾಯನಶಾಸ್ತ್ರದ ಅಧ್ಯಾಪಕನು ಬೇರೊಂದು ಮಾರ್ಗವನ್ನು ಹಿಡಿದನು. ೧೮೭೪ ರಲ್ಲಿ ಅವನು ವಿಷಯುಕ್ತವಾದ ೮೬ ಗೋಡೆಕಾಗದಗಳ ಮಾದರಿಗಳನ್ನು ಕತ್ತರಿಸಿ, ಒಂದು ಪೀಠಿಕೆಯೊಡನೆ ರಟ್ಟುಕಟ್ಟಿಸಿ, ‘ಮರಣದ ಗೋಡೆಗಳ ನೆರಳುಗಳು’ ಎಂಬರ್ಥದ ಹೆಸರಿನಿಂದ ೧೦೦ ಪ್ರತಿಗಳನ್ನು ಸಿದ್ಧಪಡಿಸಿ ಸಂಸ್ಥಾನದ ಗ್ರಂಥಾಲಯಗಳಿಗೆ ಹಂಚಿಸಿದನು. ಗೃಹಿಣಿಯರು ತಮ್ಮ ಮನೆಯ ಕಾಗದವನ್ನು ಇದರೊಡನೆ ಹೋಲಿಸಿ ನೋಡಲೆಂಬುದು ಅವನ ಉದ್ದೇಶ. ಆದರೆ ಪುಸ್ತಕವೇ ವಿಷವಾದುದರಿಂದ ಗ್ರಂಥಪಾಲಕರು ಕ್ರಮೇಣ ಅದನ್ನು ನಾಶಪಡಿಸಿದರು. ಇಂದು ಬೆರಳೆಣಿಕೆಯಷ್ಟು ಪ್ರತಿಗಳು ಮಾತ್ರ ಉಳಿದಿರುವುವು. ಜರ್ಮನ್ ಸಾಮ್ರಾಜ್ಯದಲ್ಲಿ ೧೮೮೭ ನೆಯ ಜುಲೈ ೫ ರ ಶಾಸನವು ಗೋಡೆಕಾಗದ, ಪೀಠೋಪಕರಣಗಳ ಬಟ್ಟೆ, ಜಮಖಾನೆ, ತೆರೆ, ಉಡುಪು, ಕೃತ್ರಿಮಪುಷ್ಪ ಮೊದಲಾದುವುಗಳಲ್ಲಿ ಪಾಷಾಣದ ಬಣ್ಣಗಳನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿಯಾದರೋ ಗೋಡೆಕಾಗದದ ವಿಷಯವಾಗಿ ಅಂತಹ ನಿಷೇಧವು ಬರಲೇ ಇಲ್ಲ. ಅಲ್ಲಿ ಈ ಬಣ್ಣವನ್ನು ಗೋಡೆಗಳಿಂದ ಓಡಿಸಿದುದು ಕೊಳ್ಳುವವರ ಭಯ. ಪಾಷಾಣರಹಿತವೆಂಬ ಮಾತೇ ೧೮೮೦ ರ ದಶಕದಲ್ಲಿ ವ್ಯಾಪಾರದ ಜಾಹೀರಾತಾಯಿತು. ಗೋಡೆಯನ್ನು ಬಿಟ್ಟ ಪ್ಯಾರಿಸ್ ಹಸುರು ಹೊಲಗಳನ್ನು ಸೇರಿ ಬೆಳೆಯ ಹುಳುಗಳನ್ನು ಕೊಲ್ಲುವ ಔಷಧವಾಗಿ ಬಾಳಿತು.

ಗ್ಮೆಲಿನನು ಮೂಸಿದ ವಾಸನೆಯ ರಹಸ್ಯವು ಮುಂದೆ ಬಯಲಾಯಿತು. ೧೮೯೦ ರ ದಶಕದ ಆದಿಯಲ್ಲಿ ಇಟಲಿಯ ಬಾರ್ಟೊಲೊಮಿಯೊ ಗೋಸಿಯೊ ಎಂಬುವನು ಪಾಷಾಣವುಳ್ಳ ಪದಾರ್ಥದ ಮೇಲೆ ಕೆಲವು ಬೂಷ್ಟುಗಳು ಬೆಳೆದಾಗ ಬೆಳ್ಳುಳ್ಳಿಯ ವಾಸನೆಯ ಒಂದು ಅನಿಲವು ಹೊರಡುವುದೆಂದು ತೋರಿಸಿದನು. ಆ ಅನಿಲವು ಟ್ರೈಮಿಥೈಲ್ ಆರ್ಸೀನ್ ಎಂಬುದನ್ನು ಲೀಡ್ಸ್ ನಗರದ ಫ್ರೆಡರಿಕ್ ಚಾಲೆಂಜರನು ೧೯೩೦ ರ ದಶಕದ ಆರಂಭದಲ್ಲಿ ನಿರ್ಣಯಿಸಿದನು. ಇಷ್ಟಕ್ಕೆ ಪ್ರಶ್ನೆಯು ಮುಗಿಯಿತೆಂದು ಬಹುಕಾಲ ಜನರು ನಂಬಿದ್ದರು. ಆದರೆ ೨೦೦೫ ರಲ್ಲಿ ಕಲನ್ ಮತ್ತು ಬೆಂಟ್ಲಿ ಎಂಬ ವಿದ್ವಾಂಸರು ಪೂರ್ವದ ದಾಖಲೆಗಳನ್ನೆಲ್ಲ ಶೋಧಿಸಿ, ಆ ಅನಿಲದ ವಿಷತ್ವವನ್ನು ಕುರಿತ ನಂಬಿಕೆಗೆ ತಕ್ಕ ಆಧಾರವಿಲ್ಲವೆಂದು ವಾದಿಸಿದರು. ಹಾಗಾದರೆ ಹಸುರು ಕಾಗದವು ನಿರಪಾಯವಾಗಿದ್ದಿತೇ? ಅಲ್ಲ. ಅನಿಲದ ವಾದವು ಬಿದ್ದುಹೋದರೂ ಧೂಳಿನ ವಾದವು ಬೀಳುವುದಿಲ್ಲ. ಉದುರುವ ಬಣ್ಣ, ಅದನ್ನು ಉಸಿರಾಡುವವರು, ಗೋಡೆಯನ್ನು ಮುಟ್ಟಿ ಬೆರಳನ್ನು ಬಾಯಿಗಿಡುವ ಮಕ್ಕಳು, ಎಲ್ಲಕ್ಕಿಂತ ಮಿಗಿಲಾಗಿ ಆ ಪುಡಿಯನ್ನು ದಿನವೂ ಕೈಯಲ್ಲಿ ಹಿಡಿದ ಕೆಲಸಗಾರರು, ಇವರ ಅನುಭವವು ಯಾವ ಅನಿಲವನ್ನೂ ಅವಲಂಬಿಸಿದುದಲ್ಲ.

ವಿಷದ ಅಸ್ತಿತ್ವದಿಂದ ಮರಣದ ಕಾರಣವನ್ನು ಊಹಿಸುವಾಗ ಎಷ್ಟು ಜಾಗರೂಕತೆ ಬೇಕೆಂಬುದಕ್ಕೆ ನೆಪೋಲಿಯನ್ನನ ಪ್ರಸಂಗವು ಉದಾಹರಣೆ. ಅವನು ಸೆಂಟ್ ಹೆಲಿನಾ ದ್ವೀಪದ ಲಾಂಗ್‌ವುಡ್ ಎಂಬ ಮನೆಯಲ್ಲಿ ೧೮೨೧ ನೆಯ ಮೇ ೫ ರಂದು ತೀರಿಕೊಂಡನು. ಅವನ ಕೂದಲಿನಲ್ಲಿ ಪಾಷಾಣವಿರುವುದೆಂದು ೧೯೬೧ ರಲ್ಲಿ ಪ್ರಕಟವಾದಾಗ ಕೊಲೆಯ ಊಹೆಯು ಹರಡಿತು. ೧೯೮೨ ರಲ್ಲಿ ಡೇವಿಡ್ ಜೋನ್ಸ್ ಮತ್ತು ಅವನ ಸಹೋದ್ಯೋಗಿಯು ಆ ಮನೆಯ ಗೋಡೆಕಾಗದದ್ದೆಂದು ಒಂದು ಹಳೆಯ ಸಂಗ್ರಹಪುಸ್ತಕದಲ್ಲಿ ಉಳಿದಿದ್ದ ತುಣುಕಿನಲ್ಲಿ ಪಾಷಾಣವನ್ನು ಕಂಡರು. ಕೊಲೆಗಾರನ ಸ್ಥಾನಕ್ಕೆ ಗೋಡೆಯು ಬಂದಿತು. ಆದರೆ ೨೦೦೮ ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲಿನಲ್ಲಿಯೂ ಅವನ ಸಮಕಾಲೀನರ ಕೂದಲಿನಲ್ಲಿಯೂ ಅಷ್ಟೇ ಹೆಚ್ಚಿನ ಪಾಷಾಣವಿದ್ದುದನ್ನು ತೋರಿಸಿದರು. ಒಬ್ಬ ಚಕ್ರವರ್ತಿಯ ಮರಣಕ್ಕೆ ಕಾರಣವನ್ನು ಹುಡುಕಹೊರಟ ಶೋಧನೆಯು ಕೊನೆಗೆ ಇಡೀ ಒಂದು ಕಾಲದ ಜನರ ಬಾಳಿನಲ್ಲಿ ಈ ವಿಷವು ಬೆರೆತಿದ್ದುದನ್ನು ಹೊರಗೆಡಹಿತು.

ಇನ್ನು ನಮ್ಮ ಸಂಗ್ರಹಗಳ ವಿಚಾರ. ಅಮೆರಿಕದ ವಿಂಟರ್‌ಥರ್ ಎಂಬ ವಸ್ತುಸಂಗ್ರಹಾಲಯದಲ್ಲಿ ೨೦೧೯ ರಿಂದ ಹತ್ತೊಂಬತ್ತನೆಯ ಶತಮಾನದ ಹಸುರು ಬಟ್ಟೆಯ ರಟ್ಟಿನ ಪುಸ್ತಕಗಳನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಅವುಗಳಲ್ಲಿ ಹಲವಕ್ಕೆ ಪಚ್ಚೆಯ ಹಸುರನ್ನೇ ಬಳಸಿರುವುದು ಸ್ಥಿರಪಟ್ಟಿದೆ. ೨೦೨೪ ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವೂ ಇದೇ ಶಂಕೆಯಿಂದ ನಾಲ್ಕು ಪುಸ್ತಕಗಳನ್ನು ಓದುಗರಿಗೆ ಕೊಡುವುದನ್ನು ನಿಲ್ಲಿಸಿತು. ಆ ಕಾಲದ ಇಂಗ್ಲಿಷ್ ಪುಸ್ತಕಗಳನ್ನು ಉಳಿಸಿಕೊಂಡಿರುವ ಯಾವ ಹಳೆಯ ಕಾಲೇಜಿನ ಪುಸ್ತಕ ಭಂಡಾರಕ್ಕೂ ಈ ಪ್ರಶ್ನೆಯು ಪರಕೀಯವಲ್ಲ. ಮಸಿಹಚ್ಚಿ ಓದುವ ನಮ್ಮ ಓಲೆಗರಿಗಳಿಗೆ ಈ ಭಯವು ತಟ್ಟದು. ಆದರೆ ಕಾಗದದ ಹಸ್ತಪ್ರತಿಗಳ ಮಾತು ಬೇರೆ. ಪಶ್ಚಿಮಭಾರತ, ನೇಪಾಳ ಮೊದಲಾದ ಕಡೆಗಳ ಲಿಪಿಕಾರರು ತಪ್ಪಾದ ಅಕ್ಷರಗಳ ಮೇಲೆ ಹರಿತಾಳವನ್ನು ಬಳಿದು ತಿದ್ದುತ್ತಿದ್ದರು. ಹುಳುಹಿಡಿಯದಿರಲೆಂದು ಇಡೀ ಹಾಳೆಗೆ ಅದನ್ನು ಹಚ್ಚಿದುದೂ ಉಂಟು. ಗ್ರಂಥವನ್ನು ಹುಳುವಿನಿಂದ ಉಳಿಸಿದ ವಸ್ತುವೇ ಬೆರಳನ್ನು ನಾಲಗೆಗೆ ತಾಗಿಸಿ ಹಾಳೆ ಮಗುಚುವ ಸಂಶೋಧಕನಿಗೆ ಅಹಿತವಾದುದು. ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಹೊನ್ನಿನ ರೇಕಿನ ಕೆಳಗೆ ಉಬ್ಬುಕೆಲಸಕ್ಕಾಗಿ ಉಪಯೋಗಿಸುತ್ತಿದ್ದ ಲೇಪದಲ್ಲಿ ಸೀಸದ ಬಿಳಿಯ ಪುಡಿಯೂ ಮಕ್ಕಿಯೂ ಸೇರಿರುತ್ತಿದ್ದುವು. ಬಿರುಕುಬಿಟ್ಟ ಹಳೆಯ ಪಟಗಳನ್ನು ಒರಸುವವರು ಇದನ್ನು ತಿಳಿದಿರಬೇಕು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ದಶಲಕ್ಷಕ್ಕೆ ೯೦ ಭಾಗಗಳನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ೨೦೧೬ ರಲ್ಲಿ ರಚಿತವಾಗಿ ೨೦೧೭ ನೆಯ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಣ ಬಾಗಿಲು ಕಿಟಕಿಗಳ, ತೊಟ್ಟಿಲುಗಳ ಬಣ್ಣಕ್ಕೆ ಆ ನಿಯಮದ ರಕ್ಷಣೆಯಿಲ್ಲ.

ಹಾಗೆಂದು ಮಿಷಿಗನ್ನಿನ ಗ್ರಂಥಪಾಲಕರಂತೆ ವಸ್ತುಗಳನ್ನು ನಾಶಮಾಡುವುದು ಪರಿಹಾರವಲ್ಲ. ಕೆಡ್ಜಿಯ ಪುಸ್ತಕವು ಅಪಾಯಕರವಾದುದು ನಿಜ. ಆ ಅಪಾಯಕ್ಕೆ ಸಾಕ್ಷಿಯೂ ಅದೇ. ಅಂಥ ವಸ್ತುವನ್ನು ಪ್ರತ್ಯೇಕವಾದ ಚೀಲದಲ್ಲಿಟ್ಟು, ಮೇಲೆ ಸ್ಪಷ್ಟವಾಗಿ ಬರೆದು, ಕೈಚೀಲಗಳನ್ನು ಧರಿಸಿ ಮುಟ್ಟಿ, ಸಮೀಪದಲ್ಲಿ ತಿಂಡಿತೀರ್ಥಗಳನ್ನು ವರ್ಜಿಸಿ, ಬಳಿಕ ಕೈತೊಳೆದುಕೊಂಡರೆ ವಸ್ತುವೂ ಉಳಿಯುವುದು, ಮನುಷ್ಯನೂ ಉಳಿಯುವನು. ಬಣ್ಣವನ್ನು ಮನೆಯಲ್ಲಿಯೇ ಉಜ್ಜಿ ಕೆರೆಯುವುದು ಮಾತ್ರ ಎಂದಿಗೂ ಕೂಡದು. ಧೂಳೆಬ್ಬಿಸುವುದೆಂದರೆ ಮಲಗಿರುವ ವಿಷವನ್ನು ಎಬ್ಬಿಸಿದಂತೆ.

ಈ ಚರಿತ್ರೆಯಲ್ಲಿ ಕೊನೆಯದಾಗಿ ಗಮನಿಸತಕ್ಕ ಅಂಶವೊಂದುಂಟು. ಗೋಡೆಯ ಕಾಗದವು ಕೋಣೆಯಲ್ಲಿ ಮಲಗುವವನಿಗೆ ಹಾನಿಕರವೇ ಎಂಬುದನ್ನು ಪಂಡಿತರು ಅರ್ಧಶತಮಾನ ಚರ್ಚಿಸಿದರು. ಆದರೆ ಹೂವಿನ ಎಲೆಗೆ ಪುಡಿ ಉದುರಿಸಿದ ಹುಡುಗಿಯ ವಿಷಯದಲ್ಲಿಯೂ ಮೈಗೆ ಮಣ್ಣು ಬಳಿದುಕೊಂಡು ಹೊಗೆಗಂಡಿಯನ್ನು ಹೊಕ್ಕ ಕೂಲಿಕಾರನ ವಿಷಯದಲ್ಲಿಯೂ ಸಂಶಯಕ್ಕೆ ಎಡೆಯೇ ಇರಲಿಲ್ಲ. ಸಾಕ್ಷ್ಯವು ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಕಡೆಗೆ ಸಮಾಜದ ದೃಷ್ಟಿಯು ಎಲ್ಲಕ್ಕಿಂತ ಕಡಮೆ ಹರಿಯಿತು. ಹಳೆಯ ಮನೆಯೊಂದರ ಸೊಗಸಾದ ಗೋಡೆಯನ್ನು ವರ್ಣಿಸುವ ಚರಿತ್ರಕಾರನು ಅದರ ವಿನ್ಯಾಸಕನ ಹೆಸರನ್ನು ಬರೆಯುವಂತೆಯೇ, ಹೆಸರುಳಿಯದ ಈ ಕೈಗಳ ಲೆಕ್ಕವನ್ನೂ ಬರೆಯುವವನಾದರೆ ಆ ಚರಿತ್ರೆಯು ಪೂರ್ಣವಾಗುವುದು.